ಗೊಂಪಾದ ಮೆಟ್ಟಿಲೂ ನನ್ನ ಮಂಡಿಯೂ

ಹೋದ ಸಂಚಿಕೆಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಬಸ್ಸಿನಲ್ಲೇ ಹೋಗಿಬಂದ ಕತೆ ಬರೆದಿದ್ದೆ. ಬಂಡೆಯ ನೆತ್ತಿಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದ ಹಾಗೆ ಅಂಟಿಕೊಂಡಿರುವ ಗೊಂಪಾಗಳ, ಅಂದರೆ ಬೌದ್ಧ ಮಠಗಳ, ವಿಷಯ ಅದರಲ್ಲಿತ್ತು. ಬರೆದು ಸುಮ್ಮನಾಗಿದ್ದೆ. ಈಗ ಸಂಪಾದಕರು ಒಂದು ಕಟ್ಟು ಕಾಗದ ಕಳಿಸಿ, ‘ನೀವೇ ಉತ್ತರ ಕೊಡಿ’ ಅಂದಿದ್ದಾರೆ. 31 ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಬೇರೆಯವರ ಕಾಗದಕ್ಕೆ ಮುದ್ರೆ ಒತ್ತಿದವಳು ನಾನು. ನನ್ನ ಹೆಸರಿಗೇ ಇಷ್ಟು ಬಂದಿದ್ದು ಇದೇ ಮೊದಲು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಆದಷ್ಟಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮಗೆ ಹತ್ತು ದಿನ ರಜೆ ಇದೆ. ಕೀ, ಧನ್‌ಕರ್, ತಾಬೋ ಮೂರೂ ಗೊಂಪಾ ನೋಡುವ ಆಸೆ. ಮನಾಲಿ ಕಡೆಯಿಂದ ಹೋದರೆ ಒಂದೇ ದಿನಕ್ಕೆ ಸ್ಪಿತಿಯ ಮುಖ್ಯ ಊರು ಕಾಜಾ ತಲುಪಬಹುದಂತೆ. ನೀವು ಯಾಕೆ ಶಿಮ್ಲಾದಿಂದ ಸುತ್ತು ಹಾಕಿಕೊಂಡು ಹೋದಿರಿ?

ಉತ್ತರ: ಮನಾಲಿಯಿಂದ ಹೋಗಿ ಪೆಟ್ಟು ತಿಂದದ್ದಕ್ಕೆ. ಮೊದಲ ಸಲ ನಾವೂ ಹಾಗೇ ಹೊರಟೆವು. ಬೆಳಗಿನ ಜಾವ ಜೀಪು ಹತ್ತಿಸಿದವರು ‘ಸಂಜೆ ಟೀ ಕಾಜಾದಲ್ಲಿ’ ಅಂದರು. ಮಾತು ಉಳಿಸಿಕೊಂಡರು, ಅದರಲ್ಲಿ ತಪ್ಪು ಹುಡುಕುವ ಹಾಗಿಲ್ಲ. ದಾರಿಯಲ್ಲಿ ಕುಂಜುಮ್ ಕಣಿವೆದಾರಿ ಬರುತ್ತದೆ, 4,500 ಮೀಟರ್ ದಾಟಿದ ಎತ್ತರ. ಮೇಲೆ ದೇವಿಯ ಗುಡಿ ಇದೆ. ಗಾಡಿಗಳು ಅದಕ್ಕೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುವುದು. ನಾನು ಇಳಿದು, ಫೋಟೋ ತೆಗೆಯಲು ಹುಡುಗಿಯ ಹಾಗೆ ಓಡಿದೆ. ಆ ಓಟದ ಬಿಲ್ಲು ರಾತ್ರಿ ಬಂತು. ತಲೆಯೊಳಗೆ ಒನಕೆ ಬಿದ್ದ ಹಾಗೆ ಕುಟ್ಟಾಟ, ಮೇಲಿಂದ ವಾಂತಿ. ಕಾಜಾದ ಆ ಕೋಣೆಯ ಮಾಡಿಗೆ 14 ತೊಲೆ ಇದ್ದವು. ಎರಡು ದಿನ ಮಲಗಿ ಎಣಿಸಿದ್ದೇನೆ. ನಮ್ಮ ಯಜಮಾನರು ಕೀ ಗೊಂಪಾ ನೋಡಿಬಂದು ಫೋಟೋ ತೋರಿಸಿದರು. ಫೋನಿನ ಬೆಳಕಿಗೇ ಕಣ್ಣು ನೋಯುತ್ತಿತ್ತು. ‘ಚೆನ್ನಾಗಿದೆ’ ಅಂತ ಗೋಡೆ ಕಡೆ ತಿರುಗಿ ಮಲಗಿದೆ.

ಲೆಕ್ಕ ಸುಲಭ. ಮನಾಲಿ ಇರುವುದು 2,000 ಮೀಟರ್ ಚಿಲ್ಲರೆ ಎತ್ತರದಲ್ಲಿ. ಕಾಜಾ 3,600ರ ಮೇಲೆ. ಅಂದರೆ ಬೆಳಗ್ಗೆ ಎದ್ದ ಜಾಗಕ್ಕಿಂತ ಸಾವಿರದ ಐನೂರು ಮೀಟರಿಗೂ ಜಾಸ್ತಿ ಮೇಲೆ ರಾತ್ರಿ ಮಲಗುತ್ತೀರಿ, ನಡುವೆ ಅದಕ್ಕೂ ಎತ್ತರದ ಕುಂಜುಮ್ ಬೇರೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಕಣಿವೆದಾರಿ ಹತ್ತುವ ಕಷ್ಟ ತಪ್ಪಿತು, ದಾರಿ ಇನ್ನೂ ಬೇಗ ಸಾಗುತ್ತದೆ. ರಸ್ತೆ ಬೇಗ ಸಾಗಿತು ಅಂತ ಎತ್ತರದ ತೆಳು ಗಾಳಿಗೆ ರಕ್ತ ಬೇಗ ಹೊಂದಿಕೊಳ್ಳುವುದಿಲ್ಲ ಅಲ್ವಾ?

ಶಿಮ್ಲಾ ದಾರಿ ಹಾಗಲ್ಲ. ಅದು ಸಟ್ಲೆಜ್ ನದಿಯ ಪಕ್ಕ ಮೆಲ್ಲಗೆ ಮೆಟ್ಟಿಲು ಹತ್ತಿಸುತ್ತದೆ. ರಾಂಪುರದಲ್ಲಿ ಸಾವಿರ ಮೀಟರಿನ ಆಸುಪಾಸು, ಸೆಕೆಯೂ ಇರುತ್ತದೆ. ಕಲ್ಪಾ 2,960. ಅಲ್ಲಿ ಎರಡು ರಾತ್ರಿ ಇರಿ. ಕಿನ್ನರ ಕೈಲಾಸ ಬೆಟ್ಟ ಎದುರಿಗೇ ಕಾಣುತ್ತದೆ, ಬೇಜಾರು ಬರುವ ಜಾಗವಲ್ಲ. ಆಮೇಲೆ ಖಾಬ್. ಅಲ್ಲಿ ಸ್ಪಿತಿ ನದಿ ಸಟ್ಲೆಜ್ ಸೇರುತ್ತದೆ, ರಸ್ತೆ ಸೇತುವೆ ದಾಟಿ ಬೋಳು ಗುಡ್ಡದ ಮೇಲೆ ಹಾವಿನ ಹಾಗೆ ಸುತ್ತಿ ಸುತ್ತಿ ನಾಕೋ ಊರಿಗೆ ಏರುತ್ತದೆ. ನಾಕೋ 3,600 ದಾಟಿದೆ. ಮುಂದಿನ ತಾಬೋ ಅದಕ್ಕಿಂತ ಕೆಳಗೆ, 3,280. ಏರಿ ಇಳಿದು ಮಲಗುವುದು ಒಳ್ಳೆಯದು. ತಾಬೋದಿಂದ ಧನ್‌ಕರ್, ಅಲ್ಲಿಂದ ಕಾಜಾ, ಕಾಜಾದಲ್ಲಿ ಉಳಿದು ಕೀ. ವಾಪಸ್ ಬರುವಾಗ ಬೇಕಾದರೆ ಕುಂಜುಮ್ ದಾಟಿ ಮನಾಲಿಗೆ ಇಳಿಯಿರಿ. ಆಗ ಎತ್ತರದ ಭಯ ಇರುವುದಿಲ್ಲ. ಸಾಮಾನ್ಯವಾಗಿ ಜೂನಿನಿಂದ ಅಕ್ಟೋಬರ್‌ವರೆಗೆ ಆ ದಾರಿ ತೆರೆದಿರುತ್ತದೆ. ಆಚೀಚೆ ತಿಂಗಳಾದರೆ ಸ್ಥಳೀಯರನ್ನು ಕೇಳದೆ ಹೊರಡಬೇಡಿ.

ರೆಕಾಂಗ್ ಪಿಯೋ ಊರಿನಿಂದ ಕಾಜಾಕ್ಕೆ ಹಿಮಾಚಲದ ಸರ್ಕಾರಿ ಬಸ್ಸು ಇದೆ. 200 ಕಿಲೋಮೀಟರಿಗೆ ಒಂದು ಹಗಲು ಪೂರ್ತಿ ಬೇಕು. ಡ್ರೈವರ್ ಕಲ್ಲು ಬಿದ್ದ ಕಡೆ ಇಳಿದು, ಮೇಲೆ ಗುಡ್ಡ ನೋಡಿ, ಮತ್ತೆ ಹತ್ತಿ ಓಡಿಸುತ್ತಾನೆ. ಅವನು ಗುಡ್ಡ ನೋಡುವ ಅರ್ಧ ನಿಮಿಷ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ನಾವು ಭಾರತೀಯರಿಗೆ ಆ ದಾರಿಗೆ ಪರವಾನಗಿ ಬೇಡ, ವಿದೇಶಿ ಗೆಳೆಯರಿದ್ದರೆ ಅವರಿಗೆ ಬೇಕು.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಇಷ್ಟು ಜಾಗ ಇರುವಾಗ ಬಂಡೆಯ ತುದಿಗೇ ಹೋಗಿ ಕಟ್ಟಿದ್ದು ಯಾಕೆ? ಅದೂ ಮಣ್ಣಿನಲ್ಲಿ?

ಉತ್ತರ: ‘ಇಷ್ಟು ಜಾಗ’ ಅಂದಿರಲ್ಲ, ಅಲ್ಲೇ ಇದೆ ವಿಷಯ. ಜಾಗ ಕಾಣುತ್ತದೆ, ಉಳುವ ಜಾಗ ಇಲ್ಲ. ಮಳೆ ಇಲ್ಲದ ಊರು. ಹಿಮ ಕರಗಿದ ನೀರು ಕಾಲುವೆಯಲ್ಲಿ ಬಂದ ಕಡೆ ಮಾತ್ರ ಬಾರ್ಲಿ, ಬಟಾಣಿ ಬೆಳೆಯುತ್ತದೆ. ಅಂಥ ಹಸಿರು ಪಟ್ಟಿಯ ಮೇಲೆ ಮಠ ಕಟ್ಟಿದರೆ ತಿನ್ನುವುದೇನು? ಹಾಗಾಗಿ ಬೆಳೆ ಬಾರದ ಬಂಡೆ ಮಠಕ್ಕೆ, ಹೊಲ ಊರಿಗೆ. ಬಂಡೆಯ ಮೇಲೆ ಚಳಿಗಾಲದ ಬಿಸಿಲು ಜಾಸ್ತಿ ಹೊತ್ತು ಸಿಗುತ್ತದೆ, ಹೊಳೆ ಉಕ್ಕಿದರೂ ಮುಟ್ಟುವುದಿಲ್ಲ. ಇನ್ನೊಂದು, ಯಾರಾದರೂ ದಾಳಿಗೆ ಬಂದರೆ ಒಂದು ಹಗಲು ಮೊದಲೇ ದೂಳು ಕಾಣುತ್ತದೆ. ಧನ್‌ಕರ್ ಅನ್ನುವ ಹೆಸರಿಗೇ ಬಂಡೆಯ ಮೇಲಿನ ಕೋಟೆ ಅಂತ ಅರ್ಥ. 17ನೇ ಶತಮಾನದಲ್ಲಿ ಸ್ಪಿತಿಯ ರಾಜಧಾನಿ ಅದೇ ಆಗಿತ್ತು. ಕೀ ಗೊಂಪಾ ಹಲವು ಸಲ ಲೂಟಿಯಾಗಿ, ಸುಟ್ಟು, ಮತ್ತೆ ಎದ್ದಿದೆ. ಒಂದರ ಮೇಲೊಂದು ಪೆಟ್ಟಿಗೆ ಪೇರಿಸಿದ ಹಾಗೆ ಅದು ಕಾಣುವುದಕ್ಕೆ ಕಾರಣವೂ ಅದೇ. ಬಿದ್ದಾಗಲೆಲ್ಲ ಕೈಗೆ ಸಿಕ್ಕಷ್ಟು ಜಾಗದಲ್ಲಿ ಸೇರಿಸುತ್ತ ಹೋದರು.

ಧನ್‌ಕರ್ ಹಳೇ ಗೊಂಪಾವನ್ನು ನೀವು ಒಂದು ಸಲ ನೋಡಬೇಕು, ಎಂಜಿನಿಯರ್ ಆಗುವ ಮೊದಲೇ. ನಾನು ನಿಂತದ್ದು ಎರಡನೇ ಮಹಡಿಯ ಒಂದು ಕೋಣೆಯಲ್ಲಿ. ಬಾಗಿಲು ಎಷ್ಟು ಗಿಡ್ಡ ಅಂದರೆ ತಲೆ ಬಗ್ಗಿಸಿದರೆ ಸಾಲದು, ಸೊಂಟವೂ ಬಗ್ಗಬೇಕು. ನೆಲ ಮಣ್ಣಿನದು, ಜನರ ಪಾದ ತಾಗಿ ಹರಳಿನ ಹಾಗೆ ನುಣುಪಾಗಿದೆ. ಕಿಟಕಿ ಒಂದು ಮೊಳ ಅಗಲ. ಹೊರಗೆ ಇಣುಕಿದೆ. ಗೋಡೆಯ ಕೆಳಗೆ ನೆಲ ಇರಬೇಕಿತ್ತಲ್ಲ, ಇರಲಿಲ್ಲ. ಸುಮಾರು ಮುನ್ನೂರು ಮೀಟರ್ ಕೆಳಗೆ ಪಿನ್ ನದಿ ಬಂದು ಸ್ಪಿತಿಗೆ ಸೇರುತ್ತಿತ್ತು. ಬಿಚ್ಚಿಟ್ಟ ಜಡೆಯ ಹಾಗೆ ಎಳೆ ಎಳೆಯಾಗಿ ನೀರು. ಗೋಡೆಗೆ ಕೈ ಊರಿದ್ದೆ, ಅಂಗೈಯಲ್ಲಿ ಮಣ್ಣಿನ ಪುಡಿ ಬಂತು. ಕೈ ತೆಗೆದುಬಿಟ್ಟೆ. ಆ ಪುಡಿಯನ್ನು ಎಲ್ಲಿ ಒರೆಸಲಿ ಅಂತ ಗೊತ್ತಾಗದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದೆ. ಜಗತ್ತಿನ ಅಪಾಯದಲ್ಲಿರುವ ನೂರು ಸ್ಮಾರಕಗಳು ಅಂತ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2006ರಲ್ಲಿ ಮಾಡಿದ ಪಟ್ಟಿಯಲ್ಲಿ ಧನ್‌ಕರ್ ಕೂಡ ಇತ್ತು. ಈಗ ಪಕ್ಕದಲ್ಲೇ ಹೊಸ ಗೊಂಪಾ ಕಟ್ಟಿದ್ದಾರೆ. ಹಳೆಯದರ ಒಳಗೆ ಒಂದು ಸಲಕ್ಕೆ ಇಷ್ಟೇ ಜನ ಅಂತ ತಡೆದರೆ ದಯವಿಟ್ಟು ವಾದ ಮಾಡಬೇಡಿ. ನಿಮ್ಮ ತೂಕ ನೆಲದ ಮೇಲಲ್ಲ, ಯಾವುದೋ ಪಾಪ್ಲರ್ ಮರದ ಹಳೇ ತೊಲೆಯ ಮೇಲಿದೆ.

ಮಣ್ಣು ಯಾಕೆ ಅಂತ ಕೇಳಿದಿರಿ. ಮಳೆಯೇ ಇಲ್ಲದ ಕಡೆ ಮಣ್ಣಿಗಿಂತ ಒಳ್ಳೆಯ ಸಾಮಾನಿಲ್ಲ. ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬೆಚ್ಚಗಿಡುತ್ತದೆ. ಚಾವಣಿಗೆ ತೊಲೆ, ಅದರ ಮೇಲೆ ವಿಲ್ಲೋ ಕಡ್ಡಿ, ಅದರ ಮೇಲೆ ಹುಲ್ಲು, ಆಮೇಲೆ ಮಣ್ಣು. ಹಿಮ ಬಿದ್ದರೆ ಗುಡಿಸಿ ಕೆಳಗೆ ತಳ್ಳುತ್ತಾರೆ. ಚಾವಣಿಯ ಅಂಚಿನಲ್ಲಿ ಕೆಂಪು ಪಟ್ಟಿ ಕಾಣುತ್ತದಲ್ಲ, ದೂರಕ್ಕೆ ಬಣ್ಣ ಬಳಿದ ಹಾಗಿರುತ್ತದೆ. ಹತ್ತಿರ ಹೋಗಿ ನೋಡಿ. ಸಣ್ಣ ಕಡ್ಡಿಗಳನ್ನು ಕಟ್ಟು ಕಟ್ಟಿ, ತುದಿ ಸಮ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಒತ್ತಾಗಿ ಜೋಡಿಸಿರುತ್ತಾರೆ. ಈ ಕಟ್ಟಡಗಳಿಗೆ ಶತ್ರು ಹಿಮ ಅಲ್ಲ, ಮಳೆ. ಒಂದು ಜೋರು ಮಳೆ ಬಂದರೆ ಚಾವಣಿ ಸೋರಿ, ಒಳಗಿನ ಚಿತ್ರಗಳ ಮೇಲೆ ಕೆಸರು ಇಳಿಯುತ್ತದೆ. 2010ರ ಆಗಸ್ಟಿನಲ್ಲಿ ಲೇಹ್‌ನಲ್ಲಿ ಮೇಘಸ್ಫೋಟ ಆದಾಗ ಮಣ್ಣಿನ ಮನೆಗಳ ಗತಿ ಏನಾಯಿತು ಅಂತ ನೀವು ಓದಿರಬಹುದು.

ತಾಬೋ ಮಾತ್ರ ಬಯಲಲ್ಲಿದೆ, ಬಂಡೆಯ ಮೇಲಲ್ಲ. 996ರಲ್ಲಿ ಕಟ್ಟಿದ್ದು. ಪಶ್ಚಿಮ ಟಿಬೆಟ್ಟಿನ ಗುಗೆ ರಾಜ್ಯದ ರಾಜ ಯೇಶೆ ಓಡ್, ಅನುವಾದಕ ರಿಂಚೆನ್ ಜಾಂಗ್ಪೋ, ಇಬ್ಬರ ಹೆಸರೂ ಅದರ ಜೊತೆ ಇದೆ. ಹೊರಗಿನಿಂದ ನೋಡಿದರೆ ಮಣ್ಣಿನ ಕಣಜಗಳನ್ನು ಸಾಲಾಗಿ ಇಟ್ಟ ಹಾಗೆ, ಏನೂ ಇಲ್ಲ ಅನ್ನಿಸುತ್ತದೆ. ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ನಾಲ್ಕೂ ಗೋಡೆಯಿಂದ ಮೂರ್ತಿಗಳು ಹೊರಬಂದು ಗಾಳಿಯಲ್ಲಿ ಕೂತಿರುತ್ತವೆ. ನನ್ನ ಮೈ ಜುಮ್ಮೆಂದಿತು. 1975ರ ಜನವರಿಯಲ್ಲಿ ದೊಡ್ಡ ಭೂಕಂಪ ಆದರೂ ಅವು ಉಳಿದವು. ಸಣ್ಣ ಟಾರ್ಚ್ ಒಯ್ಯಿರಿ. ಫೋಟೋ ತೆಗೆಯುವ ಹಾಗಿಲ್ಲ.

ಪ್ರಶ್ನೆ: ಅಮ್ಮನಿಗೆ 68. ಮಂಡಿ ನೋವು. ಕರೆದುಕೊಂಡು ಹೋದರೆ ಎಷ್ಟು ನೋಡಬಹುದು?

ಉತ್ತರ: ಅಮ್ಮನ ಪರವಾಗಿ ಒಂದು ಮಾತು. ‘ಇವರಿಗೆ ಆಗಲ್ಲ’ ಅಂತ ನೀವೇ ತೀರ್ಮಾನ ಮಾಡಬೇಡಿ. ನನ್ನ ಎರಡು ಮಂಡಿಯೂ ಸವೆದಿವೆ, ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದ್ದಾರೆ.

ಕೀ ಗೊಂಪಾ 4,166 ಮೀಟರ್ ಎತ್ತರದಲ್ಲಿದ್ದರೂ ಗಾಡಿ ಅದರ ಬುಡದವರೆಗೆ ಹೋಗುತ್ತದೆ. ಕಷ್ಟ ಒಳಗಿನ ಮೆಟ್ಟಿಲಿನದು. ಒಂದು ಮೆಟ್ಟಿಲು ಗೇಣು, ಇನ್ನೊಂದು ಗೇಣೂವರೆ. ನಡುವೆ ಕಡಿದಾದ ಮರದ ಏಣಿಗಳೂ ಇವೆ. ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗ ಏಣಿಗೆ ಮುಖ ಮಾಡಿ, ಹಿಂದಕ್ಕೆ ಇಳಿಯಲು ಹೇಳಿ, ಅಟ್ಟದಿಂದ ಇಳಿಯುವ ಹಾಗೆ. ನಾಚಿಕೆ ಬೇಡ, ಅಲ್ಲಿನ ಮುದುಕ ಲಾಮಾಗಳೂ ಹಾಗೇ ಇಳಿಯುವುದು. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಲಿ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರದಂಡೆಯ ನೂರು ಪಾಲಿನಲ್ಲಿ ಅರವತ್ತು ಪಾಲು ಮಾತ್ರ. ಇಪ್ಪತ್ತರ ಹುಡುಗರೂ ಏದುಸಿರು ಬಿಡುತ್ತಾರೆ, ಸುಮ್ನೆ ತೋರಿಸಿಕೊಳ್ಳುವುದಿಲ್ಲ ಅಷ್ಟೆ.

ಧನ್‌ಕರ್‌ನಲ್ಲಿ ಊರಿನವರೆಗೆ ಗಾಡಿ, ಅಲ್ಲಿಂದ ಹಳೇ ಗೊಂಪಾಕ್ಕೆ ಬಂಡೆಯ ಅಂಚಿನ ಕಾಲುದಾರಿ. ಕೈಗೆ ಕೋಲು ಇದ್ದರೆ ಆಗುತ್ತದೆ. ಮೇಲಿನ ಕೆರೆಗೆ ಒಂದು ಗಂಟೆಯ ಏರು. ಅಲ್ಲಿಗೆ ಅಮ್ಮ ಬೇಡ, ನೀವು ಹೋಗಿ ಬನ್ನಿ. ಅಮ್ಮ ಊರಿನಲ್ಲಿ ಬಿಸಿಲು ಕಾಯಿಸಿಕೊಂಡು ಕೂರಲಿ. ನಾನು ಹಾಗೆ ಕೂತಾಗಲೇ ಒಬ್ಬ ಅಜ್ಜಿ ಪಕ್ಕ ಬಂದು ಕೂತು ಬಟಾಣಿ ಬಿಡಿಸಿದಳು. ಅರ್ಧ ರಾಶಿ ನನ್ನ ಮಡಿಲಿಗೆ ಹಾಕಿದಳು. ಇಬ್ಬರಿಗೂ ಒಂದೇ ಒಂದು ಭಾಷೆ ಬರುತ್ತಿತ್ತು, ಮಂಡಿ ಮುಟ್ಟಿ ಮುಖ ಕಿವಿಚುವುದು. ಅವಳದ್ದು ಬಲಗಾಲು.

ಸ್ಪಿತಿ ಬೇಡ, ಲಡಾಖ್ ಸಾಕು ಅನ್ನುವುದಾದರೆ ಲೇಹ್ ಹತ್ತಿರದ ಥಿಕ್ಸೆಗೆ ಕರೆದುಕೊಂಡು ಹೋಗಿ. ಅಲ್ಲಿನ ಮೈತ್ರೇಯ ಬುದ್ಧನ ಮೂರ್ತಿ 15 ಮೀಟರ್, ಎರಡು ಮಹಡಿಯಷ್ಟು. ಮೇಲಿನ ಮಹಡಿಯಿಂದಲೇ ಒಳಗೆ ಹೋಗುವುದು, ಹಾಗಾಗಿ ಮುಖ ಎದುರಿಗೇ ಸಿಗುತ್ತದೆ. ಕತ್ತು ಎತ್ತಬೇಕಿಲ್ಲ. ಆದರೆ ಲೇಹ್‌ಗೆ ವಿಮಾನದಲ್ಲಿ ಇಳಿದರೆ ಒಂದೇ ಏಟಿಗೆ 3,500 ಮೀಟರ್. ಎರಡು ದಿನ ಅಮ್ಮನೂ ಮಲಗಬೇಕು, ನೀವೂ ಮಲಗಬೇಕು.

ಪ್ರಶ್ನೆ: ಎತ್ತರಕ್ಕೆ ಹೋಗುವವರು ಡಯಾಮಾಕ್ಸ್ ಮಾತ್ರೆ ತಿನ್ನಲೇಬೇಕಾ? ಬೆಳ್ಳುಳ್ಳಿ, ಕರ್ಪೂರ ಸಾಲದಾ?

ಉತ್ತರ: ಕರ್ಪೂರ ಮೂಸಿದರೆ ಮೂಗು ತೆರೆಯುತ್ತದೆ, ಗಾಳಿ ಜಾಸ್ತಿ ಆಗುವುದಿಲ್ಲ. ಬೆಳ್ಳುಳ್ಳಿ ಸಾರು ರುಚಿಗೆ ಕುಡಿಯಿರಿ. ಮಾತ್ರೆಯ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ಹೇಳಿ. ಬಿಪಿ, ಶುಗರಿನ ಮಾತ್ರೆ ತಿನ್ನುವವರೂ ಅಷ್ಟೆ. ನನಗೆ ಕೊಟ್ಟಿದ್ದರು, ಬೆರಳ ತುದಿ ಜುಮುಜುಮು ಅನ್ನುತ್ತಿತ್ತು, ರಾತ್ರಿ ನಾಲ್ಕು ಸಲ ಬಚ್ಚಲಿಗೆ ಎಬ್ಬಿಸುತ್ತಿತ್ತು. ಅದು ಮಾಮೂಲು.

ಮಾತ್ರೆಗಿಂತ ದೊಡ್ಡದು ಲೆಕ್ಕ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಮೇಲೆ ಹೋಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಬೇಕು. ತಲೆನೋವು ಬಂದರೆ ಇನ್ನೂ ಮೇಲೆ ಹತ್ತಬೇಡಿ. ಜೊತೆಯವರು ಮಂಕಾಗಿದ್ದಾರೆ ಅನ್ನಿಸಿದರೆ ನೆಲದಲ್ಲಿ ಒಂದು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಅದರ ಮೇಲೆ ನಡೆಯಲು ಹೇಳಿ. ಕುಡಿದವರ ಹಾಗೆ ವಾಲಿದರೆ, ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ, ಬೆಳಗಾಗಲಿ ಅಂತ ಕಾಯಬಾರದು. ಆ ರಾತ್ರಿಯೇ ಕೆಳಗೆ ಇಳಿಸಬೇಕು. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಮೊದಲ ಎರಡು ದಿನ ಗುಂಡು ಹಾಕುವವರಿಗೆ ನಾನು ಏನೂ ಹೇಳುವುದಿಲ್ಲ, ತೊಲೆ ಎಣಿಸಿ.

ಪ್ರಶ್ನೆ: ಒಳಗೆ ಹೋದಾಗ ಏನು ಮಾಡಬೇಕು, ಏನು ಮಾಡಬಾರದು? ಪೂಜೆ ನಡೆಯುವಾಗ ಹೋಗಬಹುದಾ? ಕಾಳಿ ದೇವಿಯ ಮುಖ ಬಟ್ಟೆಯಿಂದ ಮುಚ್ಚಿರುತ್ತಾರೆ ಅಂತ ಕೇಳಿದ್ದೇವೆ.

ಉತ್ತರ: ನಮ್ಮ ದೇವಸ್ಥಾನದಲ್ಲಿ ಹೇಗಿರುತ್ತೀರೋ ಹಾಗೇ ಇದ್ದರೆ ಮುಕ್ಕಾಲು ಸರಿಯಾಗುತ್ತದೆ. ಚಪ್ಪಲಿ ಹೊರಗೆ, ಪ್ರದಕ್ಷಿಣೆ ಬಲಕ್ಕೆ, ಪ್ರಾರ್ಥನೆಯ ಚಕ್ರ ತಿರುಗಿಸುವುದೂ ಬಲಕ್ಕೇ. ಮೂರ್ತಿಯ ಕಡೆ ಕಾಲು ಚಾಚಬೇಡಿ. ಲಾಮಾಗಳು ಕೂರುವ ಸಾಲು ಹಾಸಿಗೆಗಳ ಮೇಲೆ ದಾಟಬೇಡಿ, ಗೋಡೆಯ ಪಕ್ಕ ಕೂರಿ. ಚಿತ್ರಗಳನ್ನು ಮುಟ್ಟಬೇಡಿ. ಬೆರಳಿನ ಜಿಡ್ಡಿಗೆ ಬಣ್ಣ ಎದ್ದುಬರುತ್ತದೆ.

ಮುಖ ಮುಚ್ಚಿರುವುದು ನಿಜ. ಧರ್ಮವನ್ನು ಕಾಯುವ ಉಗ್ರ ದೇವತೆಗಳಿಗೆ ಬೇರೆ ಕೋಣೆ ಇರುತ್ತದೆ, ಗೊಂಖಾಂಗ್ ಅಂತಾರೆ. ಕೆಲವು ಕಡೆ ಹೆಂಗಸರನ್ನು ಬಿಡುವುದಿಲ್ಲ. ನನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಇಳಿದಿಲ್ಲ, ಆದರೂ ಬಾಗಿಲಲ್ಲೇ ನಿಂತೆ. ಲೇಹ್ ಪಕ್ಕದ ಸ್ಪಿತುಕ್ ಗೊಂಪಾದಲ್ಲಿ ವರ್ಷಕ್ಕೊಮ್ಮೆ, ಚಳಿಗಾಲದ ಹಬ್ಬದಲ್ಲಿ, ಆ ಮುಸುಕು ತೆಗೆಯುತ್ತಾರೆ. ನಮ್ಮವರು ಅದನ್ನು ಕಾಳಿ ಮಂದಿರ ಅಂತಲೇ ಕರೆದು ತೆಂಗಿನಕಾಯಿ ಹುಡುಕುತ್ತಾರೆ. ಅದು ಬೌದ್ಧರ ದೇವತೆ, ಕಾಳಿ ಅಲ್ಲ.

ಪೂಜೆಗೆ ಖಂಡಿತ ಹೋಗಿ. ಬೆಳಗ್ಗೆ ಆರು ಏಳರ ಹೊತ್ತಿಗೆ ಶುರುವಾಗುತ್ತದೆ. ಹೋದರೆ ಕೂತುಕೊಳ್ಳಿ, ಐದು ನಿಮಿಷ ವಿಡಿಯೋ ಮಾಡಿ ಎದ್ದುಬರಬೇಡಿ. ಹಿಂದಿನ ರಾತ್ರಿ ಕೀ ಗೊಂಪಾದ ಕೋಣೆಯಲ್ಲೇ ಉಳಿದರೆ ಅನುಕೂಲ, ಹಾಸಿಗೆ, ಊಟ ಎರಡೂ ಸರಳ. ನಾನು ಹಾಗೇ ಮಾಡಿದೆ. ಮೂಲೆಯಲ್ಲಿ ಕೂತಿದ್ದೆ. ಹತ್ತು ಹನ್ನೆರಡು ವರ್ಷದ ಪುಟ್ಟ ಲಾಮಾಗಳು ಮೊದಲ ಸಾಲಿನಲ್ಲಿ. ಒಬ್ಬ ಮಂತ್ರ ಹೇಳುತ್ತಲೇ ತೂಕಡಿಸುತ್ತಿದ್ದ. ಬಾಯಿ ಮಾತ್ರ ನಿಂತಿರಲಿಲ್ಲ. ಡೋಲು ಬಡಿದಾಗ ಬೆಚ್ಚಿ ಎದ್ದು, ಯಾರಾದರೂ ನೋಡಿದರಾ ಅಂತ ಸುತ್ತ ನೋಡಿ, ನನ್ನ ಕಣ್ಣಿಗೇ ಸಿಕ್ಕಿಬಿದ್ದ. ಇಬ್ಬರೂ ತಲೆ ತಗ್ಗಿಸಿದೆವು.

ಆಮೇಲೆ ಅಡುಗೆಮನೆಯಲ್ಲಿ ಬೆಣ್ಣೆ ಚಹಾ ಕೊಟ್ಟರು. ಉಪ್ಪು, ಬೆಣ್ಣೆ ಹಾಕಿ ಕಡೆದದ್ದು. ಸಕ್ಕರೆಯ ನಿರೀಕ್ಷೆ ಇಟ್ಟುಕೊಂಡು ಬಾಯಿಗಿಟ್ಟರೆ ಸೋತಿರಿ. ಬಟ್ಟಲು ಅರ್ಧ ಖಾಲಿಯಾದರೆ ಮತ್ತೆ ತುಂಬುತ್ತಾರೆ. ಬೇಡ ಅಂದರೆ ಬಟ್ಟಲಿನ ಮೇಲೆ ಕೈ ಮುಚ್ಚಿ. ನಾನು ಯಜಮಾನರಿಗೆ ಕನ್ನಡದಲ್ಲಿ, ‘ಇನ್ನು ನನ್ನ ಕೈಲಾಗಲ್ಲ, ನೀವು ಕುಡೀರಿ’ ಅಂದೆ. ಚಹಾ ಬಗ್ಗಿಸುತ್ತಿದ್ದ ಲಾಮಾ, ‘ಸ್ವಲ್ಪ ಅಮ್ಮಾ, ಚಳಿ ಇದೆ’ ಅಂದರು. ಕನ್ನಡದಲ್ಲೇ! ಮುಂಡಗೋಡಿನಲ್ಲಿ ಒಂಬತ್ತು ವರ್ಷ ಓದಿದವರಂತೆ. ಕೀ, ಧನ್‌ಕರ್ ಎರಡೂ ಟಿಬೆಟನ್ ಬೌದ್ಧರ ಗೆಲುಗ್ ಪಂಥದವು. ಆ ಪಂಥದ ದೊಡ್ಡ ವಿದ್ಯಾಪೀಠಗಳಾದ ಗಾಂಡೆನ್, ಡ್ರೆಪುಂಗ್ ಮುಂಡಗೋಡಿನಲ್ಲಿವೆ, ಸೆರಾ ಬೈಲಕುಪ್ಪೆಯಲ್ಲಿದೆ. ಹಾಗಾಗಿ ಹಿಮಾಲಯದ ಗೊಂಪಾದಲ್ಲಿ ಬೇರೆಯವರ ಬಗ್ಗೆ ಕನ್ನಡದಲ್ಲಿ ಮಾತಾಡುವ ಮುಂಚೆ ಎರಡು ಸಲ ಯೋಚಿಸಿ.

ಹುಂಡಿಗೆ ಹಾಕಲು ಚಿಲ್ಲರೆ ನೋಟು ಮೊದಲೇ ಇಟ್ಟುಕೊಳ್ಳಿ. ಎಟಿಎಂ ನಂಬಿ ಹೋಗಬೇಡಿ.

ಪ್ರಶ್ನೆ: ನಾವಿಬ್ಬರು ಬೈಕಿನಲ್ಲಿ ಲಡಾಖಿನ ಜಾನ್ಸ್‌ಕರ್‌ಗೆ ಹೊರಟಿದ್ದೇವೆ. ಫುಗ್ತಾಲ್ ಗೊಂಪಾಕ್ಕೆ ಈಗ ರಸ್ತೆ ಆಗಿದೆಯಾ?

ಉತ್ತರ: ಬಾಗಿಲವರೆಗೆ ಇಲ್ಲ, ಅದೇ ಅದರ ಪುಣ್ಯ. ಹಿಮಾಚಲದ ದಾರ್ಚಾದಿಂದ ಶಿಂಕುನ್ ಲಾ ದಾಟಿ ಬರುವ ಹೊಸ ರಸ್ತೆ ಜಾನ್ಸ್‌ಕರ್‌ನ ಮುಖ್ಯ ಊರು ಪದುಮ್‌ವರೆಗೆ ಹೋಗುತ್ತದೆ. ಆ ಕಣಿವೆದಾರಿ 5,000 ಮೀಟರಿಗಿಂತ ಮೇಲಿದೆ, ಹಾಗಾಗಿ ಮೊದಲೇ ಹೇಳಿದ ಲೆಕ್ಕ ಮರೆಯಬೇಡಿ. ಇಳಿಯುವಾಗ ಗೊಂಬೋ ರಾಂಗ್ಜೋನ್ ಅನ್ನುವ ಒಂಟಿ ಬಂಡೆಬೆಟ್ಟ ಎದುರಾಗುತ್ತದೆ. ಅದಕ್ಕೂ ಒಂದು ಹೊತ್ತು ಇಡಿ. ಪುರ್ನೆ ಊರಿನಲ್ಲಿ ಬೈಕು ನಿಲ್ಲಿಸಿ ಹೊಳೆಯ ಪಕ್ಕದ ಕಾಲುದಾರಿಯಲ್ಲಿ ನಡೆಯಬೇಕು. ನಿಮ್ಮಂಥವರಿಗೆ ಎರಡು ಗಂಟೆ. ನನಗೆ ನಾಲ್ಕೂವರೆ ಹಿಡಿಯಿತು, ಒಂದು ಕುದುರೆ ನನ್ನ ಚೀಲ ಹೊತ್ತುಕೊಂಡು ಮುಂದೆ ಹೋಗಿ ನನಗಾಗಿ ಕಾಯುತ್ತಿತ್ತು.

ತಿರುವಿನಲ್ಲಿ ಅದು ಕಾಣುವ ರೀತಿಯೇ ಬೇರೆ. ಬಂಡೆಯ ಮುಖದಲ್ಲಿ ದೊಡ್ಡ ಗುಹೆ. ಗುಹೆಯ ಬಾಯಿಂದ ಬಿಳಿ ಕೋಣೆಗಳು ಕೆಳಗೆ ಸುರಿದ ಹಾಗಿವೆ. ಒಳಗೆ ನೀರಿನ ಒರತೆಯೂ ಇದೆ. ಅಷ್ಟು ಎತ್ತರದಲ್ಲಿ ಕೂತವರಿಗೆ ಬೇಕಾದದ್ದು ಅದೇ ಅಲ್ವಾ? ಹಂಗೇರಿಯ ಪಂಡಿತ ಚೋಮಾ ದ ಕರೋಶ್ 1825–26ರಲ್ಲಿ ಇಲ್ಲಿ ಇದ್ದು ಟಿಬೆಟನ್ ಕಲಿತ. ಅವನ ಟಿಬೆಟನ್–ಇಂಗ್ಲಿಷ್ ನಿಘಂಟು 1834ರಲ್ಲಿ ಅಚ್ಚಾಯಿತು. ಅವನ ಹೆಸರಿನ ಕಲ್ಲು ಅಲ್ಲಿದೆ. ನಾನು ಆ ಕಲ್ಲಿನ ಪಕ್ಕ ಕೂತು ಬೂಟು ಬಿಚ್ಚಿ ಕಾಲು ಒತ್ತಿಕೊಂಡೆ.

ಹೊಳೆಯ ದಾರಿಯಲ್ಲಿ ಹುಷಾರು. 2014ರ ಕೊನೆಯಲ್ಲಿ ಈ ಕಣಿವೆಯಲ್ಲಿ ಗುಡ್ಡ ಜರಿದು ನದಿಗೆ ಅಡ್ಡ ಬಿತ್ತು, ನೀರು ತಿಂಗಳುಗಟ್ಟಲೆ ನಿಂತು 2015ರ ಮೇಯಲ್ಲಿ ಒಡೆದುಕೊಂಡು ಹರಿಯಿತು. ಸೇತುವೆಗಳು ಕೊಚ್ಚಿಹೋದವು. ಕಲ್ಲು ಉರುಳುವ ಕಡೆ ನಿಂತು ಫೋಟೋ ಬೇಡ.

ಪ್ರಶ್ನೆ: ನಿಮ್ಮಂಥವರು ಬರೆದೂ ಬರೆದೂ ಅಲ್ಲಿಗೆ ಜನ ನುಗ್ಗುತ್ತಿದ್ದಾರೆ. ಗೋಡೆಗೆ ಕೈ ಊರಿದರೆ ಪುಡಿ ಉದುರುವ ಜಾಗಕ್ಕೆ ಯಾಕೆ ಕರೆಯುತ್ತೀರಿ?

ಉತ್ತರ: ಈ ಕಾಗದ ಓದಿ ಎರಡು ದಿನ ಉತ್ತರ ಹೊಳೆಯಲಿಲ್ಲ. ಧನ್‌ಕರ್ ಗೋಡೆಯ ಪುಡಿ ನನ್ನ ಕೈಗೆ ಬಂದಿದ್ದನ್ನು ಹೋದ ಸಂಚಿಕೆಯಲ್ಲಿ ನಾನೇ ಬರೆದದ್ದು, ಇಲ್ಲ ಅನ್ನಲಾರೆ. ಆ ಊರಿನ ಹೆಂಗಸರು ಕೋಣೆ ಬಾಡಿಗೆ ಕೊಟ್ಟು ಮಕ್ಕಳನ್ನು ಓದಿಸುತ್ತಾರೆ, ಅದೂ ಸುಳ್ಳಲ್ಲ. ಒಂದು ತಿದ್ದುಪಡಿ ಮಾಡಿಕೊಳ್ಳುತ್ತೇನೆ. ‘ತಪ್ಪದೇ ನೋಡಬೇಕಾದ ಏಳು ಗೊಂಪಾ’ ಅಂತ ಹೋದ ಸಲ ಒಂದು ಪಟ್ಟಿ ಹಾಕಿದ್ದೆವಲ್ಲ, ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಎರಡು ನೋಡಿ, ಎರಡರಲ್ಲೂ ಒಂದೊಂದು ರಾತ್ರಿ ಇರಿ. ಡ್ರೋನ್ ಬೇಡ. ನೀರಿನ ಬಾಟಲಿ ಕೊಳ್ಳುವ ಬದಲು ಮನೆಯಿಂದಲೇ ಸ್ಟೀಲ್ ಬಾಟಲಿ ಒಯ್ಯಿರಿ. ಕಾಜಾ ಹತ್ತಿರದ ಲಾಂಗ್ಜಾ ಊರಿನ ಕಡೆ ಮಕ್ಕಳು ಕಲ್ಲಾದ ಶಂಖ ಮಾರಲು ಬರುತ್ತಾರೆ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಕಾಲದ್ದು, ಆಸೆಯಾಗುತ್ತದೆ. ಕೊಳ್ಳಬೇಡಿ, ಅದು ಅಲ್ಲೇ ಇರಲಿ.

ಪ್ರಶ್ನೆ: ಹಿಕ್ಕಿಮ್ ಅಂಚೆ ಕಚೇರಿಯಿಂದ ನಿಮಗೆ ನೀವೇ ಒಂದು ಕಾರ್ಡು ಹಾಕಿದೆ ಅಂತ ಬರೆದಿದ್ದಿರಿ. ಬಂತಾ?

ಉತ್ತರ: ಇದು ಕೇಳಿದವರು ಯಾರೋ, ನನ್ನ ಇಲಾಖೆಯವರೇ ಇರಬೇಕು. ಓದದವರಿಗೆ ಹೇಳುತ್ತೇನೆ. ಕಾಜಾದಿಂದ ಕೋಮಿಕ್ ಗೊಂಪಾಕ್ಕೆ ಹೋಗುವ ಕಡೆ, ಸುಮಾರು 4,400 ಮೀಟರ್ ಎತ್ತರದಲ್ಲಿ, ಹಿಕ್ಕಿಮ್ ಅನ್ನುವ ಊರಿದೆ. 1983ರಿಂದ ಅಲ್ಲಿ ಅಂಚೆ ಕಚೇರಿ ಇದೆ. ಕೋಮಿಕ್ ನೋಡಲು ಹೋದವಳು ನಾನು, ಗೊಂಪಾದಲ್ಲಿ ಅರ್ಧ ಗಂಟೆ ಇದ್ದೆ, ಅಂಚೆ ಕಚೇರಿಯಲ್ಲಿ ಒಂದೂವರೆ ಗಂಟೆ. ಯಜಮಾನರು ಹೊರಗೆ ಚಳಿಯಲ್ಲಿ ಕಾಲು ಬಡಿಯುತ್ತ ನಿಂತಿದ್ದರು. ಚೀಲ ಹೇಗೆ ಕೆಳಗೆ ಹೋಗುತ್ತದೆ, ಹಿಮ ಬಿದ್ದಾಗ ಏನು ಮಾಡುತ್ತಾರೆ, ಮುದ್ರೆಯ ಮಸಿ ಹೆಪ್ಪುಗಟ್ಟುತ್ತದಾ ಅಂತೆಲ್ಲ ಕೇಳುವುದಿತ್ತು.

ಕಾರ್ಡು ಬಂತು. ನಾವು ಮನೆ ಸೇರಿ ಹನ್ನೊಂದು ದಿನ ಆಗಿತ್ತು. ನಮ್ಮ ಬೀಟಿನ ಪೋಸ್ಟ್‌ಮ್ಯಾನ್ ಅದನ್ನು ಗೇಟಿನಲ್ಲಿ ಹಾಕದೆ ಒಳಗೆ ಬಂದು, ತಿರುಗಿಸಿ ತಿರುಗಿಸಿ ನೋಡಿ, ‘ಮುದ್ರೆ ನೋಡಿ ಮೇಡಂ, ನೀವು ಒತ್ತುತ್ತಿದ್ದುದಕ್ಕಿಂತ ಸ್ಪಷ್ಟವಾಗಿದೆ’ ಅಂತ ಕೈಗೆ ಕೊಟ್ಟ.